ದುಡಿಯಲು ಬಂದವರೂ ಊರವರೇ

ದೀಪಾವಳಿ ಹಬ್ಬ ಮುಗಿಯುತ್ತಲೇ ದಕ್ಷಿಣ ಸೊಲ್ಲಾಪುರ ತಾಲೂಕಿನ ರಸ್ತೆಗಳಲ್ಲಿ ಓಡಾಟ ಹೆಚ್ಚುತ್ತದೆ. ಟ್ರ್ಯಾಕ್ಟರುಗಳಲ್ಲಿ ಮಡಿಚಿದ ತಾಡಪತ್ರಿ, ಪಾತ್ರೆ-ಪಗಡೆ, ಹಾಸಿಗೆ, ಅವುಗಳ ಮೇಲೆ ಚಿಕ್ಕ ಮಕ್ಕಳನ್ನು ಕೂರಿಸಿಕೊಂಡು ಸಂಸಾರಗಳೇ ಬಂದಿಳಿಯುತ್ತವೆ. ಇವರು ಕಬ್ಬು ಕಡಿಯಲು ಬಂದವರು. ಬೀಡ, ಧಾರಾಶಿವ, ಲಾತೂರ ಜಿಲ್ಲೆಗಳಿಂದ ಕೆಲವರು ಬರುತ್ತಾರೆ. ವಿಜಯಪುರ, ಕಲಬುರಗಿ ಜಿಲ್ಲೆಗಳ ತಾಂಡಾಗಳಿಂದ ಇನ್ನು ಕೆಲವರು ಬರುತ್ತಾರೆ. ಊರ ಹೊರಗೆ ಬಯಲಿನಲ್ಲಿ ಗುಡಿಸಲುಗಳು ಏಳುತ್ತವೆ. ನಾಲ್ಕೈದು ತಿಂಗಳು ಕಳೆದು ಕಾರಖಾನೆಯ ಹಂಗಾಮು ಮುಗಿದಾಗ ಬಂದ ದಾರಿಯಲ್ಲೇ ಅವರು ಮರಳುತ್ತಾರೆ.

ಕಂದಲಗಾಂವದಂಥ ಕಬ್ಬು ಬೆಳೆಯುವ ಊರುಗಳಲ್ಲಿ ಈ ದಿನಗಳಲ್ಲಿ ಎರಡು ಮಾತುಗಳು ಕೇಳಿಬರುತ್ತವೆ. ಒಂದು, "ಕಡಿಯುವವರೇ ಸಿಗುತ್ತಿಲ್ಲ, ಕಬ್ಬು ಹೊಲದಲ್ಲೇ ಒಣಗುತ್ತಿದೆ." ಇನ್ನೊಂದು, "ಹೊರಗಿನವರು, ಅವರ ಗೊಡವೆ ನಮಗೇಕೆ?" ಎರಡೂ ಮಾತುಗಳನ್ನು ಅನೇಕ ಸಲ ಒಬ್ಬರೇ ಆಡುತ್ತಾರೆ. ಒಂದು ಕಡೆ ಬೇಕು ಎನ್ನುವುದು, ಇನ್ನೊಂದು ಕಡೆ ದೂರ ಇಡುವುದು. ಇವೆರಡಕ್ಕೂ ಸಂಬಂಧವಿದೆ ಎಂಬುದನ್ನು ನಾವು ಯೋಚಿಸುವುದು ಕಡಿಮೆ. ದುಡಿಯಲು ಬಂದವರನ್ನು ಊರವರಂತೆ ಕಾಣದ ಕಡೆ, ಇಂದಲ್ಲ ನಾಳೆ ದುಡಿಯುವವರ ಕೊರತೆ ಬಂದೇ ಬರುತ್ತದೆ.

ಕಬ್ಬು ಕಡಿಯುವುದನ್ನು ಯಾರೂ ಕುಶಲ ಕೆಲಸವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಬೆಳೆದ ರೈತನಿಗೆ ಅದರ ಬೆಲೆ ಗೊತ್ತು. ಕಬ್ಬಿನ ಬುಡದಲ್ಲಿಯೇ ಸಕ್ಕರೆಯ ಅಂಶ ಹೆಚ್ಚು. ಆದ್ದರಿಂದ ನೆಲಕ್ಕೆ ಹತ್ತಿಸಿ ಕಡಿಯಬೇಕು. ಮೇಲೆ ಮೋಟು ಬಿಟ್ಟರೆ ತೂಕವೂ ಹೋಯಿತು, ಮುಂದಿನ ಕೂಳೆ ಬೆಳೆಯೂ ಸೊರಗಿತು. ತುದಿಯ ಸೋಗೆಯನ್ನು ಸರಿಯಾದ ಗೆಣ್ಣಿಗೆ ಸವರಬೇಕು. ರವದಿ ಬಿಡಿಸಿ, ಹೊರೆ ಕಟ್ಟಿ, ಹಲಗೆಯ ಮೇಲೆ ಹೆಜ್ಜೆಯಿಟ್ಟು ಟ್ರಾಲಿಗೆ ಏರಿಸಬೇಕು. ತಡಮಾಡಿದಷ್ಟೂ ಸಕ್ಕರೆಯ ಉತಾರ ಇಳಿಯುವುದರಿಂದ ಕಡಿದ ಕಬ್ಬು ಒಂದು ದಿನದೊಳಗೆ ಗಾಣ ಸೇರುವುದು ಒಳ್ಳೆಯದು. ಹೀಗಾಗಿ ನಸುಕಿನಲ್ಲಿ ಹೊಲಕ್ಕೆ ಇಳಿದವರು, ಗಾಡಿ ತಡವಾಗಿ ಬಂದರೆ, ರಾತ್ರಿಯೂ ಹೊರೆ ಹೊರಬೇಕಾಗುತ್ತದೆ. ಕಣ್ಣಳತೆ, ಕೈಚಳಕ, ಮೈಕಸುವು ಮೂರೂ ಬೇಕಾದ ಕೆಲಸವಿದು. ಇದಕ್ಕೆ ಶಾಲೆಯಿಲ್ಲ, ಪ್ರಮಾಣಪತ್ರವಿಲ್ಲ. ತಾಯಿತಂದೆಯರ ಬೆನ್ನ ಹಿಂದೆ ನಡೆದು ಮಕ್ಕಳು ಕಲಿಯುತ್ತಾರೆ.

ಈ ಕೆಲಸದ ಏರ್ಪಾಡು ಹೇಗಿದೆ ನೋಡಿರಿ. ಗಂಡ-ಹೆಂಡತಿ ಸೇರಿದರೆ ಲೆಕ್ಕದಲ್ಲಿ ಒಂದು 'ಕೊಯ್ತಾ'. ಕೊಯ್ತಾ ಎಂದರೆ ಕಬ್ಬು ಕಡಿಯುವ ಕತ್ತಿ. ಇಬ್ಬರು ಮನುಷ್ಯರನ್ನು ಒಂದು ಕತ್ತಿಯ ಹೆಸರಿನಿಂದ ಎಣಿಸುತ್ತಾರೆ! ಹಂಗಾಮಿಗೆ ಮೊದಲೇ ಮುಕ್ಕಾದಮನು ಅವರಿಗೆ 'ಉಚಲ' ಎಂಬ ಮುಂಗಡ ಹಣ ಕೊಟ್ಟಿರುತ್ತಾನೆ. ಮದುವೆಗೋ ಔಷಧಕ್ಕೋ ಮಳೆಗಾಲದ ಹೊಟ್ಟೆಪಾಡಿಗೋ ಆ ಹಣ ಖರ್ಚಾಗಿರುತ್ತದೆ. ಆಮೇಲೆ ಟನ್ನಿನ ಲೆಕ್ಕದಲ್ಲಿ ಕಡಿದು ಅದನ್ನು ತೀರಿಸಬೇಕು. ಕಾಯಿಲೆ ಬಿದ್ದ ದಿನ ಕೂಲಿಯಿಲ್ಲ. ಕೆಲವೆಡೆ ಮೇಲೆ ದಂಡವೂ ಉಂಟು. ಹಂಗಾಮು ಮುಗಿದರೂ ಸಾಲ ಮುಗಿಯದಿದ್ದರೆ ಮರುವರ್ಷ ಅದೇ ಮುಕ್ಕಾದಮನ ಟೋಳಿಗೇ ಬರಬೇಕು. 2024ರ ಜನವರಿಯಲ್ಲಿ ಕಾರಖಾನೆಗಳ ಸಂಘಕ್ಕೂ ಕಾರ್ಮಿಕ ಸಂಘಟನೆಗಳಿಗೂ ಮಾತುಕತೆ ನಡೆದು ಮಹಾರಾಷ್ಟ್ರದಲ್ಲಿ ಕಟಾವಿನ ದರ ಶೇ. 34ರಷ್ಟು ಹೆಚ್ಚಿತು. ಅದು ಒಳ್ಳೆಯದೇ. ಆದರೆ ದರ ಹೆಚ್ಚಿದ ಮಾತ್ರಕ್ಕೆ ಸಾಲದ ಕೊಂಡಿ ಕಳಚುವುದಿಲ್ಲ.

ರೈತನ ಸಂಕಟವೂ ಸುಳ್ಳಲ್ಲ. ಮುಂಗಡ ಪಡೆದ ಮುಕ್ಕಾದಮ ಟೋಳಿಯನ್ನೇ ತಾರದೆ ಮೋಸ ಮಾಡಿದ ಉದಾಹರಣೆಗಳಿವೆ. ಸಮಯಕ್ಕೆ ಕಟಾವಾಗದ ಕಬ್ಬಿಗೆ ತುರಾಯಿ ಬಂದು ತೂಕ ಇಳಿಯುತ್ತದೆ. ವರ್ಷವಿಡೀ ನೀರು ಹಾಯಿಸಿದವನು ಹೊಲದ ಬದುವಿನಲ್ಲಿ ಕೈಕಟ್ಟಿ ನಿಲ್ಲಬೇಕಾಗುತ್ತದೆ. ಆದರೆ ಈ ಮೋಸಕ್ಕೆ ಹಾದಿಯಾದುದು ಯಾವುದು? ಕೆಲಸ ಕೊಡುವವನಿಗೂ ಮಾಡುವವನಿಗೂ ನಡುವೆ ನೇರ ಕರಾರು ಇಲ್ಲದಿರುವುದು, ದುಡಿಯುವವರ ಹೆಸರು ಯಾವ ದಫ್ತರದಲ್ಲೂ ಸರಿಯಾಗಿ ಇಲ್ಲದಿರುವುದು. ಹೆಸರಿಲ್ಲದ ಕಡೆ ಹೊಣೆಯೂ ಇರುವುದಿಲ್ಲ. ಅದರ ನಷ್ಟ ರೈತನಿಗೂ ತಟ್ಟುತ್ತದೆ, ಕಡಿಯುವವನಿಗೂ ತಟ್ಟುತ್ತದೆ.

ಈ ಮಾತು ಕಬ್ಬಿಗೆ ಮಾತ್ರ ಸೀಮಿತವಲ್ಲ. ನಮ್ಮ ಜಿಲ್ಲೆಯ ಮುಖ್ಯ ಪಟ್ಟಣವಾದ ಸೊಲ್ಲಾಪುರ ಬೆಳೆದುದೇ ಹೊರಗಿನಿಂದ ಬಂದವರ ದುಡಿಮೆಯಿಂದ. 1860ರಲ್ಲಿ ಮುಂಬಯಿಯ ಕಡೆಯಿಂದ ರೈಲು ಸೊಲ್ಲಾಪುರಕ್ಕೆ ಬಂದಿತು. 1877ರಲ್ಲಿ, ಮುಂದೆ 'ಜುನೀ ಗಿರಣಿ' ಎಂದು ಹೆಸರಾದ ಹತ್ತಿಯ ಗಿರಣಿ ಇಲ್ಲಿ ಆರಂಭವಾಯಿತು. ಒಂದರ ಹಿಂದೆ ಒಂದು ಗಿರಣಿಗಳು ಎದ್ದವು. ಆಗ ನಿಜಾಮನ ಆಳ್ವಿಕೆಯಲ್ಲಿದ್ದ ತೆಲಂಗಾಣದ ಹಳ್ಳಿಗಳಿಂದ ತೆಲುಗು ನುಡಿಯ ನೇಕಾರರು, ಅವರಲ್ಲಿ ಬಹುಮಂದಿ ಪದ್ಮಶಾಲಿಗಳು, ಕೆಲಸ ಹುಡುಕಿಕೊಂಡು ಬಂದರು. ಸುತ್ತಲಿನ ಹಳ್ಳಿಗಳಿಂದ ಕನ್ನಡ, ಮರಾಠಿ, ಉರ್ದು ಮಾತನಾಡುವವರೂ ಬಂದರು. ನೇಕಾರರು ಬರಿಗೈಯಲ್ಲಿ ಬಂದಿದ್ದರೂ ಅವರ ಬೆರಳುಗಳಲ್ಲಿ ವಿದ್ಯೆ ಇತ್ತು. ಹಾಸು-ಹೊಕ್ಕುಗಳ ಆ ವಿದ್ಯೆಯಿಂದಲೇ ಸೊಲ್ಲಾಪುರದ ಚಾದರ ದೇಶದಲ್ಲೆಲ್ಲ ಹೆಸರಾಯಿತು. 2005-06ರ ಸಾಲಿನಲ್ಲಿ ಸೊಲ್ಲಾಪುರದ ಚಾದರ ಹಾಗೂ ಟೆರ್ರಿ ಟವೆಲುಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಊರಿನ ಹೆಸರನ್ನು ಹೊತ್ತ ಆ ವಸ್ತ್ರವನ್ನು ಹೆಸರಿಗೆ ತಂದವರಲ್ಲಿ ಹೆಚ್ಚಿನವರು ಒಂದು ಕಾಲಕ್ಕೆ 'ಹೊರಗಿನವರು' ಎನಿಸಿಕೊಂಡವರೇ!

ಊರು ಅವರನ್ನು ದೂರವಿಟ್ಟಿದ್ದರೆ ಈ ಹೆಸರು ಬರುತ್ತಿರಲಿಲ್ಲ. ನಗರದಲ್ಲಿ ಮರಾಠಿಯ ಜೊತೆಗೆ ಕನ್ನಡ, ತೆಲುಗು, ಉರ್ದು ಶಾಲೆಗಳು ನಡೆದವು. ಸ್ವಾತಂತ್ರ್ಯ ಹೋರಾಟದಲ್ಲಿ ಎಲ್ಲರೂ ಒಂದಾಗಿ ನಿಂತರು. 1930ರಲ್ಲಿ ಆಂಗ್ಲ ಸರಕಾರ ಸೊಲ್ಲಾಪುರದ ಮೇಲೆ ಲಷ್ಕರಿ ಕಾನೂನು ಹೇರಿತು. 1931ರ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ, ಕುರ್ಬಾನ್ ಹುಸೇನ್ ಈ ನಾಲ್ವರನ್ನು ಗಲ್ಲಿಗೇರಿಸಿತು. ಆ ನಾಲ್ಕು ಹೆಸರುಗಳನ್ನು ಓದಿ ನೋಡಿರಿ. ಒಂದೇ ಧರ್ಮದವಲ್ಲ, ಒಂದೇ ಮನೆಮಾತಿನವೂ ಅಲ್ಲ. ಇಂದು ನಗರದ ನಡುವಿನ ಚೌಕವನ್ನು ಜನರು ಕರೆಯುವುದು ಆ ನಾಲ್ವರು ಹುತಾತ್ಮರ ನೆನಪಿನಿಂದಲೇ.

ಇನ್ನೂ ಹಿಂದಕ್ಕೆ ಹೋದರೆ, 12ನೆಯ ಶತಮಾನದ ಸೊನ್ನಲಿಗೆಯ ಸಿದ್ಧರಾಮರು ಜನರ ದುಡಿಮೆಯನ್ನು ಒಂದುಗೂಡಿಸಿ ಕೆರೆ ಕಟ್ಟಿಸಿದವರು. ಅದೇ ಕಾಲದ ಕಲ್ಯಾಣಕ್ಕೆ ದೂರದ ಕಾಶ್ಮೀರದಿಂದ ಅರಸನೊಬ್ಬ ಬಂದು, ಕಟ್ಟಿಗೆ ಮಾರುವ ಕಾಯಕ ಹಿಡಿದು, ಮೋಳಿಗೆಯ ಮಾರಯ್ಯನೆಂದು ಶರಣರಲ್ಲಿ ಒಬ್ಬನಾದನೆಂಬ ಐತಿಹ್ಯವಿದೆ. ಶರಣರು ಬಂದವನ ಸೀಮೆಯನ್ನಲ್ಲ, ಕಾಯಕವನ್ನು ನೋಡಿದರು. ಇದು ನಮಗೆ ಹೊಸ ಪಾಠವಲ್ಲ. ನಮ್ಮ ನೆಲದ ಹಳೆಯ ಪಾಠವೇ.

ಹಾಗಾದರೆ ಇಂದು ಅದೇ ಸೊಲ್ಲಾಪುರದಲ್ಲಿ ನುರಿತ ನೇಕಾರರು ಸಿಗುವುದಿಲ್ಲವೆಂದು ಮಾಲೀಕರು ಕೊರಗುವುದೇಕೆ? 20ನೆಯ ಶತಮಾನ ಮುಗಿಯುವ ಹೊತ್ತಿಗೆ ದೊಡ್ಡ ಗಿರಣಿಗಳಲ್ಲಿ ಹೆಚ್ಚಿನವು ಮುಚ್ಚಿದವು. ಕೆಲಸವೆಲ್ಲ ಸಣ್ಣ ಸಣ್ಣ ಯಂತ್ರಮಗ್ಗದ ಕಾರಖಾನೆಗಳಿಗೆ ಹಂಚಿಹೋಯಿತು. ಅಲ್ಲಿ ನೇಯ್ದಷ್ಟಕ್ಕೆ ಕೂಲಿ. ಮಗ್ಗ ನಿಂತರೆ ಕೂಲಿಯೂ ನಿಂತಿತು. ಎಷ್ಟೋ ಕಡೆ ಗುರುತಿನ ಚೀಟಿಯಿಲ್ಲ, ಭವಿಷ್ಯ ನಿಧಿಯಿಲ್ಲ, ಮುಪ್ಪಿಗೆ ಆಸರೆಯಿಲ್ಲ. ಮೂವತ್ತು ವರ್ಷ ಮಗ್ಗದ ಮುಂದೆ ನಿಂತ ತಂದೆಯ ಕೈಯಲ್ಲಿ ಏನೂ ಉಳಿಯದುದನ್ನು ಕಂಡ ಮಗ ಮಗ್ಗ ಹಿಡಿಯುವನೇ? ಅವನು ಪುಣೆಯ ಬಸ್ಸು ಹತ್ತಿದನು. ಕುಶಲತೆ ಊರಿನಿಂದ ತಾನಾಗಿ ಮಾಯವಾಗಲಿಲ್ಲ. ಮರ್ಯಾದೆಯ ಬದುಕು ಎಲ್ಲಿದೆಯೆಂದು ಹುಡುಕಿಕೊಂಡು ಹೋಯಿತು.

ನ್ಯಾಯದಿಂದ ನಡೆದುಕೊಂಡರೆ ಜನರು ನೆಲೆನಿಲ್ಲುತ್ತಾರೆ ಎಂಬುದಕ್ಕೂ ಸಾಕ್ಷಿ ನಮ್ಮ ಪಕ್ಕದಲ್ಲೇ ಇದೆ. ದಕ್ಷಿಣ ಸೊಲ್ಲಾಪುರ ತಾಲೂಕಿನ ಕುಂಭಾರಿಯಲ್ಲಿ 2006ರಲ್ಲಿ ಬೀಡಿ ಕಟ್ಟುವ ಹೆಣ್ಣುಮಕ್ಕಳಿಗಾಗಿ 10,000 ಮನೆಗಳ ವಸಾಹತು ಸಿದ್ಧವಾಯಿತು. ಅದೇ ಕುಂಭಾರಿಯ ರಾಯನಗರದಲ್ಲಿ 2024ರ ಜನವರಿ 19ರಂದು ಯಂತ್ರಮಗ್ಗ, ಕೈಮಗ್ಗ, ಬೀಡಿ ಕೆಲಸದವರು, ಚಿಂದಿ ಆಯುವವರು, ಚಾಲಕರು ಮೊದಲಾದವರಿಗೆ 15,000 ಮನೆಗಳನ್ನು ಹಸ್ತಾಂತರಿಸಲಾಯಿತು. ಕಾರ್ಮಿಕರು ಸಂಘಟಿತರಾಗಿ ಬಹುಕಾಲ ಬೇಡಿಕೆಯಿಟ್ಟ ಮೇಲೆ, ಸರಕಾರದ ನೆರವೂ ಅವರ ಸ್ವಂತ ಹಣವೂ ಕೂಡಿ ಆದ ಕೆಲಸವಿದು. ಸ್ವಂತ ಬಾಗಿಲು, ಸ್ವಂತ ವಿಳಾಸ ಇದ್ದವನು ಊರನ್ನು ತನ್ನದೆನ್ನುತ್ತಾನೆ. ಊರೂ ಅವನನ್ನು ತನ್ನವನೆನ್ನುತ್ತದೆ.

ಶ್ರೀಮಂತ ದೇಶಗಳೂ ಈ ಪಾಠವನ್ನು ತಡವಾಗಿಯೇ ಕಲಿತಿವೆ. ಎರಡನೆಯ ಮಹಾಯುದ್ಧದ ತರುವಾಯ ಪಶ್ಚಿಮ ಜರ್ಮನಿಯಲ್ಲಿ ಕೆಲಸಗಾರರ ಕೊರತೆ ಉಂಟಾಯಿತು. 1955ರಲ್ಲಿ ಇಟಲಿಯೊಡನೆ, 1961ರಲ್ಲಿ ತುರ್ಕಸ್ಥಾನದೊಡನೆ ಕರಾರು ಮಾಡಿಕೊಂಡು ಅದು ಲಕ್ಷಾಂತರ ಜನರನ್ನು ಕರೆಸಿತು. ಅವರನ್ನು 'ಅತಿಥಿ ಕೆಲಸಗಾರರು' ಎಂದು ಕರೆಯಿತು. ಅತಿಥಿಗಳು ಹೇಗೂ ಮರಳಿ ಹೋಗುವವರು ಎಂದುಕೊಂಡು ಭಾಷೆ ಕಲಿಸುವ ಗೋಜಿಗೆ ಹೆಚ್ಚಾಗಿ ಹೋಗಲಿಲ್ಲ. 1973ರಲ್ಲಿ ಕರೆಸುವುದನ್ನು ನಿಲ್ಲಿಸಿತು. ಬಹಳ ಜನರು ಮರಳಿದರೂ ಲಕ್ಷಾಂತರ ಮಂದಿ ಅಲ್ಲಿಯೇ ಉಳಿದು ಮಕ್ಕಳನ್ನು ಬೆಳೆಸಿದರು. ಆ ಮಕ್ಕಳು ಶಾಲೆಯಲ್ಲಿ ಹಿಂದೆ ಬಿದ್ದರು. ಹೊಸದಾಗಿ ಬಂದವರಿಗೆ ಭಾಷೆಯನ್ನೂ ನಾಡಿನ ರೀತಿನೀತಿಯನ್ನೂ ಕಲಿಸುವ ತರಗತಿಗಳು ಕಾನೂನಿನ ಮೂಲಕ ದೇಶವಿಡೀ ಆರಂಭವಾದುದು 2005ರಲ್ಲಿ. ಹೊರದೇಶದಲ್ಲಿ ಕಲಿತ ಕಸುಬಿಗೆ ಮಾನ್ಯತೆ ನೀಡುವ ಕಾನೂನು ಬಂದುದು 2012ರಲ್ಲಿ. ಇಂದು ಅದೇ ಜರ್ಮನಿ ದಾದಿಯರು, ಚಾಲಕರು, ವಿದ್ಯುತ್ ಕೆಲಸದವರು ಬೇಕೆಂದು ನಮ್ಮ ಕಡೆಗೆ ನೋಡುತ್ತಿದೆ. 2024ರಲ್ಲಿ ಮಹಾರಾಷ್ಟ್ರ ಸರಕಾರವು ಅಲ್ಲಿಯ ಬಾಡೆನ್-ವುರ್ಟೆಂಬರ್ಗ್ ರಾಜ್ಯದೊಡನೆ ಒಪ್ಪಂದ ಮಾಡಿಕೊಂಡು, 10,000 ಯುವಜನರಿಗೆ ಜರ್ಮನ್ ಭಾಷೆ ಕಲಿಸಿ ಕಳುಹಿಸುವ ಯೋಜನೆ ಹಾಕಿಕೊಂಡಿತು. ನಾಳೆ ನಮ್ಮ ತಾಲೂಕಿನ ತರುಣನೊಬ್ಬ ಅಲ್ಲಿಗೆ ಹೋದರೆ ಅವನಿಗೆ ಸರಿಯಾದ ಸಂಬಳ, ಇರಲು ಮನೆ, ಆಡಲು ನುಡಿ, ಸಮಾನ ಗೌರವ ಸಿಗಲೆಂದು ನಾವು ಬಯಸುತ್ತೇವೆ. ಆ ಬಯಕೆ ನ್ಯಾಯವಾದುದಾದರೆ, ಕಂದಲಗಾಂವದ ಬಯಲಿನಲ್ಲಿ ಗುಡಿಸಲು ಹಾಕಿದವನ ಬಯಕೆಯೂ ನ್ಯಾಯವಾದುದೇ ಅಲ್ಲವೇ?

ಇದಕ್ಕೆ ಕೆಲವು ಆಕ್ಷೇಪಣೆಗಳುಂಟು. ಹೊರಗಿನವರು ಕಡಿಮೆ ಕೂಲಿಗೆ ಬಂದು ನಮ್ಮವರ ಕೆಲಸ ಕಸಿಯುತ್ತಾರೆ ಎನ್ನುವವರಿದ್ದಾರೆ. ಈ ಭಯವನ್ನು ಹಗುರಾಗಿ ತಳ್ಳಿಹಾಕಬಾರದು. ಆದರೆ ಮದ್ದು ಏನು? ಬಂದವನಿಗೂ ಇದ್ದವನಿಗೂ ಒಂದೇ ಕೆಲಸಕ್ಕೆ ಒಂದೇ ಕೂಲಿ ಎಂದಾದರೆ, ಅಗ್ಗದ ಕೂಲಿಯ ಆಸೆಗೆ ಹೊರಗಿನವರನ್ನು ತರುವ ಲಾಭವೇ ಇಲ್ಲವಾಗುತ್ತದೆ. ವಲಸೆ ಬಂದವನ ಹಕ್ಕನ್ನು ಕಾಯುವುದೆಂದರೆ ಊರಿನ ಕೂಲಿಯವನ ಹಕ್ಕನ್ನೂ ಕಾಯ್ದಂತೆಯೇ.

ಯಂತ್ರಗಳು ಬರುತ್ತಿವೆ, ಇನ್ನು ಜನರೇಕೆ ಎನ್ನುವವರೂ ಇದ್ದಾರೆ. ಕಬ್ಬು ಕಡಿಯುವ ಯಂತ್ರಗಳು ಈಗ ನಮ್ಮ ಹೊಲಗಳಿಗೂ ಇಳಿದಿವೆ. ಆದರೆ ಯಂತ್ರಕ್ಕೆ ಅಗಲವಾದ ಸಾಲು ಬೇಕು, ದೊಡ್ಡ ಹೊಲ ಬೇಕು. ಎರಡೆಕರೆಯ ರೈತನ ಹೊಲಕ್ಕೆ ಅದು ತಿರುಗುವುದೇ ಕಷ್ಟ. ಅಲ್ಲದೆ ಯಂತ್ರ ನಡೆಸುವವರು, ದುರಸ್ತಿ ಮಾಡುವವರು ಬೇಕಲ್ಲವೇ? ಕಬ್ಬನ್ನು ಬಲ್ಲ ಕಟಾವಿನವರ ಮಕ್ಕಳಿಗೇ ಆ ತರಬೇತಿ ಕೊಡಬಾರದೇಕೆ? ಕುಶಲರ ಕೊರತೆಯನ್ನು ನೀಗುವ ಹಾದಿ ಅದು.

ಕಾನೂನಿನ ಬೆಂಬಲ ಇಲ್ಲವೆಂದಲ್ಲ. ಸಂವಿಧಾನದ 19ನೆಯ ಅನುಚ್ಛೇದವು ದೇಶದ ಯಾವ ಭಾಗದಲ್ಲಿಯಾದರೂ ಓಡಾಡುವ, ನೆಲೆಸುವ, ಉದ್ಯೋಗ ಮಾಡುವ ಹಕ್ಕನ್ನು ಪ್ರತಿಯೊಬ್ಬ ನಾಗರಿಕನಿಗೂ ಕೊಟ್ಟಿದೆ. ರಾಜ್ಯದಿಂದ ರಾಜ್ಯಕ್ಕೆ ಹೋಗುವ ಕಾರ್ಮಿಕರಿಗಾಗಿ 1979ರಲ್ಲಿಯೇ ಒಂದು ಕಾಯ್ದೆಯಾಗಿತ್ತು. ಸಮಾನ ಕೂಲಿ, ಪ್ರಯಾಣ ಭತ್ಯೆ, ತಕ್ಕ ವಸತಿ ಎಲ್ಲವೂ ಅದರಲ್ಲಿದ್ದವು. ಆದರೆ ಗುತ್ತಿಗೆದಾರನು ಹೆಸರು ನೋಂದಿಸದಿದ್ದರೆ ಅದು ಕಾಗದದಲ್ಲೇ ಉಳಿಯುತ್ತಿತ್ತು. ಈಗ ಆ ಕಾಯ್ದೆಯ ಸ್ಥಾನದಲ್ಲಿ 2020ರ ಕಾರ್ಮಿಕ ಸಂಹಿತೆ ಬಂದಿದೆ. ಅದು 2025ರ ನವೆಂಬರ್ 21ರಿಂದ ಜಾರಿಗೆ ಬಂದಿತು. ಗುತ್ತಿಗೆದಾರನಿಲ್ಲದೆ ತಾನಾಗಿ ಬಂದ ಕೆಲಸಗಾರನನ್ನೂ ಅದು ವಲಸೆ ಕಾರ್ಮಿಕನೆಂದು ಎಣಿಸುತ್ತದೆ. ಪಡಿತರವನ್ನು ತನ್ನ ಊರಿನಲ್ಲಾಗಲಿ ದುಡಿಯುವ ಊರಿನಲ್ಲಾಗಲಿ ಪಡೆಯುವ ಅವಕಾಶವನ್ನೂ ಹೇಳುತ್ತದೆ. ಅಸಂಘಟಿತ ಕಾರ್ಮಿಕರ ನೋಂದಣಿಗಾಗಿ 2021ರ ಆಗಸ್ಟಿನಲ್ಲಿ 'ಇ-ಶ್ರಮ' ವ್ಯವಸ್ಥೆ ಆರಂಭವಾಗಿದೆ. 2020ರ ಕರೋನಾ ಲಾಕ್‌ಡೌನ್ ಕಾಲದಲ್ಲಿ ಲಕ್ಷಕ್ಕೂ ಹೆಚ್ಚು ಕಬ್ಬು ಕಟಾವಿನ ಜನರು ಕಾರಖಾನೆಗಳ ಬಳಿಯಲ್ಲೇ ಸಿಕ್ಕಿಬಿದ್ದರು. ಯಾರು ಎಲ್ಲಿದ್ದಾರೆ ಎಂಬ ಲೆಕ್ಕ ಎಷ್ಟು ಅಗತ್ಯವೆಂಬುದು ಆಗ ಎಲ್ಲರಿಗೂ ತಿಳಿಯಿತು.

ಕಾನೂನು ದೂರದ ರಾಜಧಾನಿಯಲ್ಲಿ ಹುಟ್ಟುತ್ತದೆ. ಅದು ಬದುಕಬೇಕಾದುದು ಹಳ್ಳಿಯಲ್ಲಿ. ಆದ್ದರಿಂದ ಊರಿನವರಾದ ನಾವು ಮಾಡಬಹುದಾದುದು ಬಹಳವಿದೆ. ಹಂಗಾಮಿನ ಆರಂಭದಲ್ಲಿಯೇ ಗ್ರಾಮಪಂಚಾಯತಿಯು ಬಂದ ಕುಟುಂಬಗಳ ಹೆಸರು ಬರೆದುಕೊಳ್ಳಬೇಕು. ಗಂಡನ ಹೆಸರು ಬೇರೆ, ಹೆಂಡತಿಯ ಹೆಸರು ಬೇರೆ ಬರೆಯಬೇಕು. ಕೊಯ್ತಾ ಎಂದು ಬರೆಯಬಾರದು. ಗುಡಿಸಲುಗಳ ಹತ್ತಿರ ಕುಡಿಯುವ ನೀರು, ಶೌಚಾಲಯ, ಒಂದು ದೀಪ ಇವಿಷ್ಟನ್ನು ಕಾರಖಾನೆಯೂ ಪಂಚಾಯತಿಯೂ ಸೇರಿ ಒದಗಿಸುವುದು ದೊಡ್ಡ ಮಾತಲ್ಲ. ಆರೋಗ್ಯ ಕೇಂದ್ರದ ದಾದಿಯು ವಾರಕ್ಕೊಮ್ಮೆ ಅಲ್ಲಿಗೆ ಹೋಗಿಬಂದರೆ ಬಸುರಿಯರಿಗೂ ಕೂಸುಗಳಿಗೂ ಆಸರೆಯಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು ಶಾಲೆ. 2009ರ ಶಿಕ್ಷಣ ಹಕ್ಕಿನ ಕಾನೂನಿನಂತೆ, ದಾಖಲೆಯಿಲ್ಲವೆಂಬ ಕಾರಣಕ್ಕೆ ಯಾವ ಮಗುವಿಗೂ ಶಾಲೆಯ ಬಾಗಿಲು ಮುಚ್ಚುವಂತಿಲ್ಲ. ವಲಸೆ ಹೋಗುವ ಮಕ್ಕಳ ಕಲಿಕೆ ನಿಲ್ಲದಿರಲೆಂದು ಮಹಾರಾಷ್ಟ್ರದಲ್ಲಿ 'ಶಿಕ್ಷಣ ಹಮಿ ಪತ್ರ'ದ ಪದ್ಧತಿಯಿದೆ. ಇಲ್ಲಿ ನಮ್ಮ ತಾಲೂಕಿಗೆ ಒಂದು ವಿಶೇಷ ಸೌಲಭ್ಯವೂ ಇದೆ. ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟ ತಾಲೂಕುಗಳಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ. ವಿಜಯಪುರದ ತಾಂಡಾದಿಂದ ಬಂದ ಹುಡುಗಿ ತನ್ನ ಊರಿನ ಶಾಲೆಯಲ್ಲಿ ಕಲಿಯುತ್ತಿದ್ದುದು ಕನ್ನಡವನ್ನೇ. ಅವಳು ನಮ್ಮ ಕನ್ನಡ ಶಾಲೆಯ ಬೆಂಚಿನ ಮೇಲೆ ಕುಳಿತರೆ ಅಕ್ಷರ ಬದಲಾಗುವುದಿಲ್ಲ, ವರ್ಷ ಹಾಳಾಗುವುದಿಲ್ಲ. ಜೊತೆಗೆ ನಾಲ್ಕು ಮಾತು ಮರಾಠಿಯನ್ನೂ ಕಲಿತುಕೊಂಡು ಹೋಗುತ್ತಾಳೆ. ಬೀಡದಿಂದ ಬಂದ ಮಗುವಿಗೆ ಮರಾಠಿ ಶಾಲೆಯಿದೆ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯ ಒದಗಿಸಲು ಯತ್ನಿಸಬೇಕೆಂದು ಸಂವಿಧಾನದ 350-ಅ ಅನುಚ್ಛೇದ ಹೇಳುತ್ತದೆ. ಮಹಾರಾಷ್ಟ್ರದಲ್ಲಿದ್ದು ಕನ್ನಡದಲ್ಲಿ ಓದುತ್ತಿರುವ ನಾವೇ ಆ ಅನುಚ್ಛೇದದ ಫಲವನ್ನು ಉಣ್ಣುತ್ತಿರುವವರು. ನಮಗೆ ದೊರೆತುದನ್ನು ನಮ್ಮ ಹೊಲಕ್ಕೆ ದುಡಿಯಲು ಬಂದವರ ಮಕ್ಕಳೊಡನೆ ಹಂಚಿಕೊಳ್ಳುವುದು ನಮ್ಮ ಮೊದಲ ಕರ್ತವ್ಯ. ಬಯಲಿನಲ್ಲಿ ತಮ್ಮನನ್ನು ಎತ್ತಿಕೊಂಡು ನಿಂತ ಹುಡುಗಿಯನ್ನು "ಶಾಲೆಗೆ ಬಾ" ಎಂದು ಕರೆಯಲು ಯಾವ ಸರಕಾರದ ಅಪ್ಪಣೆಯೂ ಬೇಕಿಲ್ಲ. ಅವಳ ವಯಸ್ಸಿನ ವಿದ್ಯಾರ್ಥಿಗಳೇ ಕರೆಯಬಹುದು.

ಈ ಭಾಗದಿಂದಲೂ ಜನರು ಪುಣೆ, ಮುಂಬಯಿ, ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಒಬ್ಬರ ಊರಿನಲ್ಲಿ ಊರವನಾದವನು ಮತ್ತೊಬ್ಬರ ಊರಿನಲ್ಲಿ ಹೊರಗಿನವನಾಗುತ್ತಾನೆ. ಕೆಲಸಕ್ಕೆ ಜನ ಸಿಗುವುದಿಲ್ಲವೆಂದು ಗೊಣಗುವ ಮೊದಲು, ಬಂದವರಿಗೆ ನಾವು ಏನು ಕೊಟ್ಟೆವು ಎಂದು ಕೇಳಿಕೊಳ್ಳಬೇಕು. ಹೆಸರು, ಸಮಾನ ಕೂಲಿ, ತಲೆಯ ಮೇಲೊಂದು ಸೂರು, ಮಕ್ಕಳಿಗೆ ಶಾಲೆ ಇವಿಷ್ಟು ಸಿಕ್ಕ ಕಡೆ ಕುಶಲತೆ ಬೇರು ಬಿಡುತ್ತದೆ. ಸಿಗದ ಕಡೆ ಅದು ಗಂಟುಮೂಟೆ ಕಟ್ಟುತ್ತದೆ. ಮುಂದೆ ಈ ತಾಲೂಕಿನ ಪಂಚಾಯತಿಗಳಲ್ಲಿ, ಶಾಲೆಗಳಲ್ಲಿ, ಕಾರಖಾನೆಗಳಲ್ಲಿ ಕೂಡುವವರು ಇಂದಿನ ವಿದ್ಯಾರ್ಥಿಗಳೇ. ಯಾವ ಊರನ್ನು ಕಟ್ಟಬೇಕೆಂಬುದನ್ನು ಅವರು ಈಗಲೇ ನಿಶ್ಚಯಿಸಲಿ.